ಕೂಡಿ ಬರೆಯಲು ಸಂಕೋಚವೇಕೆ?

ಮಳೆಗಾಲಕ್ಕೆ ಮುನ್ನ ಊರಿಗೆ ಹೋಗಿದ್ದಾಗ ತೀರ್ಥಹಳ್ಳಿ ಕಡೆಯ ಬೆಳೆಗಾರರ ಸಂಘವೊಂದು ಅಡಿಕೆಯ ಕೊಳೆರೋಗ ಮತ್ತು ಎಲೆಚುಕ್ಕಿ ರೋಗದ ಬಗ್ಗೆ ಸದಸ್ಯರಿಗಾಗಿ ಕೈಪಿಡಿ ಸಿದ್ಧಪಡಿಸುತ್ತಿತ್ತು. ಕರಡು ನಾಲ್ಕು ಬೇರೆಬೇರೆ ಕಡತಗಳಾಗಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದ್ದು, ಯಾವುದು ಕೊನೆಯದೆಂದು ಯಾರಿಗೂ ಖಚಿತವಿರಲಿಲ್ಲ. ಪುಣೆಯ ನಮ್ಮ ಕಚೇರಿಯಲ್ಲಿರುವಂತೆ ವಿಕಿಯೊಂದನ್ನು, ಅಂದರೆ ಓದುವವರೇ ತಿದ್ದಬಹುದಾದ ಜಾಲತಾಣವೊಂದನ್ನು, ಮಾಡಿಕೊಂಡರೆ ಎಲ್ಲರೂ ಒಂದೇ ಕಡೆ ಬರೆಯಬಹುದೆಂದು ಸೂಚಿಸಿದೆ. "ಅಲ್ಲ ಮಾರಾಯ, ನಾವು ಬರೆದದ್ದನ್ನು ಸಿಕ್ಕವರೆಲ್ಲ ತಿದ್ದುವುದೇ?" ಎಂದರು ಹಿರಿಯರೊಬ್ಬರು. ಆ ಮಾತು ಇನ್ನೂ ಚುಚ್ಚುತ್ತಿದೆ.

ಪುಣೆಯಲ್ಲಿ ನಮ್ಮ ಯಂತ್ರಗಳ ನಿರ್ವಹಣೆಯ ಕ್ರಮವೆಲ್ಲ ಮೀಡಿಯಾವಿಕಿಯಲ್ಲಿದೆ. ವಿಕಿಪೀಡಿಯ ನಡೆಯುವುದೂ ಅದೇ ತಂತ್ರಾಂಶದಿಂದ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ವಿಭಾಗದ ಮುಖ್ಯಸ್ಥರೇ ಬರೆದ ಪುಟದಲ್ಲಿ ಒಂದು ಹಂತವನ್ನು ಬದಲಿಸಿ, ಕಾರಣವನ್ನು ಸಂಪಾದನೆಯ ಸಾರಾಂಶದಲ್ಲಿ ನಮೂದಿಸಿದ್ದಳು. ಮುಖ್ಯಸ್ಥರು ಆ ಪುಟಕ್ಕೆ ಜೋಡಿಸಿರುವ ಚರ್ಚೆಪುಟದಲ್ಲಿ ಪ್ರಶ್ನೆ ಕೇಳಿದರು, ಉತ್ತರ ಸರಿಯೆನಿಸಿತು, ತಿದ್ದುಪಡಿ ಉಳಿಯಿತು. ಯಾರು, ಯಾವಾಗ, ಯಾವ ಪದ ಬದಲಿಸಿದರೆಂಬುದು ಪುಟದ ಇತಿಹಾಸದಲ್ಲಿರುತ್ತದೆ. ಬೇಡವೆನಿಸಿದರೆ ಹಳೆಯ ಆವೃತ್ತಿಯನ್ನು ಮರಳಿ ತರಬಹುದು. 1995ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಮೊದಲ ವಿಕಿಯನ್ನು ತೆರೆದದ್ದೂ ತಂತ್ರಾಂಶ ಬರೆಯುವವರು ಕೆಲಸದ ಅನುಭವವನ್ನು ಪರಸ್ಪರ ಹಂಚಿಕೊಳ್ಳಲೆಂದೇ.

ನಮ್ಮೂರಿನಲ್ಲಾದರೋ ಬರಹವು ಬರೆದವರ ಸ್ವತ್ತು. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಎಂಬ ಅಳತೆ ನಾಲ್ಕೂ ಕಡತಗಳಲ್ಲಿತ್ತು. ಆದರೆ ಕಬ್ಬಿಣದ ಚಾಕುವನ್ನು ಅದ್ದಿ ನೋಡಿ, ಅದರ ಮೇಲೆ ಕೆಂಪು ಕೂತರೆ ಇನ್ನಷ್ಟು ಸುಣ್ಣ ಸೇರಿಸಬೇಕೆಂಬ ಮುಖ್ಯ ಮಾತು ಒಂದರಲ್ಲಿ ಮಾತ್ರ ಇತ್ತು. ವರ್ಷವೂ ಮರವೇರಿ ಔಷಧಿ ಹೊಡೆಯುವ ಕೊನೆಗಾರರಿಗೆ ಇದು ಚೆನ್ನಾಗಿ ಗೊತ್ತು. ಅವರನ್ನು ಯಾರೂ ಕೇಳಿರಲಿಲ್ಲ. ಅಡಿಕೆ ಸುಲಿಯಲು ಮುಯ್ಯಾಳಾಗಿ ಒಬ್ಬರ ಮನೆಗೆ ಇನ್ನೊಬ್ಬರು ಹೋಗುತ್ತಿದ್ದ ಊರಿನಲ್ಲಿ, ಒಂದು ಪುಟವನ್ನು ಕೂಡಿ ಬರೆಯಲು ಇಷ್ಟು ಹಿಂಜರಿಕೆ ಎಲ್ಲಿಂದ ಬಂತೋ ನನಗೆ ಅರ್ಥವಾಗುವುದಿಲ್ಲ.

ಹಾಗೆಂದು ನಮ್ಮ ಕಚೇರಿಯ ವಿಕಿಯಲ್ಲಿ ಎಲ್ಲವೂ ನೆಟ್ಟಗಿದೆ ಎನ್ನಲಾರೆ. ಯಾರೂ ನೋಡಿಕೊಳ್ಳದೆ ಹಳತಾದ ಪುಟಗಳು ಅಲ್ಲಿ ಬೇಕಾದಷ್ಟಿವೆ, ಅವುಗಳ ಬಗ್ಗೆ ಯಾರನ್ನು ಕೇಳಬೇಕೆಂಬುದೂ ತಿಳಿಯದು. ತೀರ್ಥಹಳ್ಳಿಯಲ್ಲಿ ಸಂದೇಹ ಬಂದವರು ರಾತ್ರಿ ಊಟದ ಹೊತ್ತಿಗೂ ಆ ಹಿರಿಯರಿಗೆ ಫೋನ್ ಮಾಡುತ್ತಾರೆ, ಅವರು ಬೇಸರಿಸದೆ ಉತ್ತರಿಸುತ್ತಾರೆ. ಔಷಧಿಯ ಅಳತೆಯನ್ನು ಕಂಡಕಂಡವರು ತಿದ್ದಬಾರದೆಂಬ ಅವರ ಆತಂಕವೂ ನ್ಯಾಯವಾದದ್ದೇ. ಅದಕ್ಕೆ ಮೀಡಿಯಾವಿಕಿಯಲ್ಲಿ ದಾರಿಯಿದೆ: ಅಂಥ ಪುಟವನ್ನು ಸಂರಕ್ಷಿಸಿ, ತಿದ್ದುವ ಅಧಿಕಾರವನ್ನು ಆಯ್ದ ಕೆಲವರಿಗೆ ಮಾತ್ರ ಕೊಡಬಹುದು. ಆ ಅಧಿಕಾರ ಹಿರಿಯರಲ್ಲೇ ಇರಲಿ. ಚರ್ಚೆಪುಟವನ್ನು ಮಾತ್ರ ಮುಂದಿನ ಮಳೆಗಾಲದೊಳಗೆ ಕೊನೆಗಾರರಿಗೂ ತೆರೆಯಬೇಕು.