ಕೂಸಿಗಿಂತ ಮೊದಲು ಕುಲಾವಿಯ ರಿವ್ಯೂ

ಹಿಂದೆಲ್ಲ ಆಟ ಆಡಿ ಮುಗಿಸಿದ ಮೇಲೆ ಅಭಿಪ್ರಾಯ ಹೇಳುತ್ತಿದ್ದರು. ಪಾಪ, ಹಳೇ ಕಾಲದವರು. ಈಗ ಮೊದಲು ಅಭಿಪ್ರಾಯ, ಆಮೇಲೆ ಆಟ. ಆಟ ಬರದೇ ಹೋದರೂ ಚಿಂತೆಯಿಲ್ಲ, ಅಭಿಪ್ರಾಯ ಬಂದಾಗಿದೆಯಲ್ಲ!

ಸ್ಟೀಮ್ ಎಂಬ ಆನ್‌ಲೈನ್ ಅಂಗಡಿ ಕಂಪ್ಯೂಟರ್ ಗೇಮ್ ಮಾರುತ್ತದೆ. ವರ್ಷಕ್ಕೆ ಮೂರು ಸಲ, ಫೆಬ್ರವರಿ, ಜೂನ್, ಅಕ್ಟೋಬರಿನಲ್ಲಿ, ಅಲ್ಲಿ ನೆಕ್ಸ್ಟ್ ಫೆಸ್ಟ್ ಎಂಬ ಜಾತ್ರೆ. ಒಂದು ವಾರ ಪೂರ್ತಿ ಇನ್ನೂ ಬಿಡುಗಡೆಯಾಗದ ಗೇಮ್‌ಗಳ ಡೆಮೊ, ಅಂದರೆ ರುಚಿ ನೋಡಲು ಕೊಡುವ ತುಣುಕು, ಪುಕ್ಕಟೆ. ಒಬ್ಬರೋ ಇಬ್ಬರೋ ಮನೆಯಲ್ಲಿ ಕೂತು ಕಟ್ಟಿದ ಇಂಡೀ ಗೇಮ್‌ಗಳೇ ಜಾಸ್ತಿ. ಜಾಹೀರಾತಿಗೆ ಸುರಿಯಲು ಅವರ ಹತ್ತಿರ ದುಡ್ಡಿಲ್ಲ. ಆಡಿದವರು ಮೆಚ್ಚಿ ವಿಶ್‌ಲಿಸ್ಟ್‌ಗೆ, ಅಂದರೆ ಮುಂದೆ ಬೇಕೆಂದು ಗುರುತು ಹಾಕಿಡುವ ಪಟ್ಟಿಗೆ, ಹಾಕಲಿ ಎಂದು ಡೆಮೊ ಬಿಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಕೆನಡಾದಲ್ಲಿ ಒಬ್ಬನೇ ಕೂತು ಮಾಡಿದ ಇಸ್ಪೀಟಿನ ಗೇಮ್ ಬಲಾಟ್ರೊ, ಡೆಮೊದಲ್ಲೇ ಜನರಿಗೆ ಹುಚ್ಚು ಹಿಡಿಸಿತ್ತು. 2024ರ ಫೆಬ್ರವರಿಯಲ್ಲಿ ಪೂರ್ತಿ ಗೇಮ್ ಬಂದಾಗ ಲಕ್ಷಗಟ್ಟಲೆ ಮಾರಾಟವಾಯಿತು.

ಕಿತಾಪತಿಯೆಲ್ಲ ಜಾತ್ರೆಗೆ ಹೋದವರದ್ದು.

ಬದಿಯಡ್ಕದ ಕಡೆ ನಮ್ಮ ಪರಿಚಯದ ಹುಡುಗನೊಬ್ಬ ಇದ್ದಾನೆ. ಅವನಿಗೊಂದು ಯೂಟ್ಯೂಬ್ ಚಾನೆಲ್ಲು. ಬರಲಿರುವ ಗೇಮ್‌ಗಳ ಮೊದಲ ನೋಟ ಅದರ ಕಸುಬು. ಜೂನಿನಲ್ಲಿ ಅವರ ಮನೆಗೆ ಹೋದಾಗ ಒಂದು ಬೇಸಾಯದ ಗೇಮ್ ಆಡುತ್ತಿದ್ದ. ಹೊರಗೆ ಮಳೆ ಸ್ವಲ್ಪ ಹೊಳವಾಗಿತ್ತು. ಅಂಗಳದ ಬದಿಯಲ್ಲಿ ಅವನಪ್ಪ ಅಡಿಕೆಗೆ ಮದ್ದು ಬಿಡುವ ತಯಾರಿಯಲ್ಲಿದ್ದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೊಣಕೈವರೆಗೆ ನೀಲಿ.

"ಮಾಣೀ, ಪೈಪ್ ಹಿಡಿ ಬಾ! ಇನ್ನೊಂದು ಮಳೆ ಬರುವ ಮೊದಲು ಮುಗಿಸುವಾ."

"ಎರಡು ನಿಮಿಷ ಅಪ್ಪಾ, ಇಲ್ಲಿ ಮೂಲಂಗಿಗೆ ನೀರು ಹಾಕ್ತಾ ಇದ್ದೇನೆ."

ಪರದೆಯ ಮೂಲಂಗಿ ನಾಲ್ಕು ದಿನಕ್ಕೆ ಕೊಯ್ಲಿಗೆ ಬಂತು. ಕೊಳೆರೋಗ ಇಲ್ಲ, ಮಂಗ ಇಲ್ಲ, ಕಾಡುಹಂದಿ ಇಲ್ಲ. ಊರಿನವರೆಲ್ಲ ಬಂದು ಮುಗುಳ್ನಕ್ಕು ಹೋದರು. ಹುಡುಗ ಮೈಕ್ ಹತ್ತಿರ ಎಳೆದು ಗಂಭೀರವಾಗಿ ಹೇಳಿದ: "ಸ್ನೇಹಿತರೇ, ಕೃಷಿಯ ನಿಜವಾದ ಅನುಭವ ಬೇಕಾದರೆ ಈ ಗೇಮ್ ಕಾಯಲೇಬೇಕು." ಅಪ್ಪನ ಸ್ಪ್ರೇಯರ್ ಶಬ್ದ ರೆಕಾರ್ಡಿಂಗಿನೊಳಗೆ ಬರುತ್ತದೆಂದು ಕಿಟಕಿಯನ್ನೂ ಮುಚ್ಚಿದ.

ಅವನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಈ ಕಸುಬಿನವರ ಮಾತೆಲ್ಲ ಒಂದೇ ಅಚ್ಚಿನದು. ಇಪ್ಪತ್ತು ನಿಮಿಷ ಆಡಿ "ಈ ವರ್ಷದ ಗೇಮ್" ಎನ್ನುತ್ತಾರೆ, ಬಿಡುಗಡೆ ಯಾವ ವರ್ಷವೆಂದು ಮಾಡಿದವನಿಗೇ ಗೊತ್ತಿರುವುದಿಲ್ಲ. ಏನೂ ಹೇಳಲು ತೋಚದಿದ್ದರೆ "ಪೊಟೆನ್ಶಿಯಲ್ ಉಂಟು" ಎಂದರಾಯಿತು. ಬಯಲಾಟದಲ್ಲಿ ಬಾಲಗೋಪಾಲರು ಕುಣಿಯುವಾಗಲೇ ಚಾಪೆ ಸುತ್ತಿಕೊಂಡು ಮನೆಗೆ ಹೋದವನು, ಮರುದಿನ ಪೇಟೆಯಲ್ಲಿ ನಿಂತು ಮಹಿಷಾಸುರನ ಪ್ರವೇಶ ಹೇಗಿತ್ತು ಎಂದು ವಿವರಿಸಿದ ಹಾಗೆ.

2024ರಿಂದ ಸ್ಟೀಮಿನಲ್ಲಿ ಡೆಮೊಗೆ ಬೇರೆಯೇ ಪುಟ, ಬೇರೆಯೇ ರಿವ್ಯೂ. ಟ್ರೇಲರ್ ಯಾವಾಗ ಬರುತ್ತದೆಂದು ಹೇಳಲು ಒಂದು ಟೀಸರ್. ಆ ಟೀಸರಿಗೆ ರಿಯಾಕ್ಷನ್ ವಿಡಿಯೊ. ಪೂರ್ತಿಯಾಗದ ಗೇಮನ್ನು ದುಡ್ಡು ಕೊಟ್ಟು ಕೊಳ್ಳುವ ಅರ್ಲಿ ಆ್ಯಕ್ಸೆಸ್ಸಂತೂ 2013ರಿಂದಲೇ ಉಂಟು. ನಾಳೆ ಡೆಮೊಗೊಂದು ಡೆಮೊ ಬಂದರೆ ಆಶ್ಚರ್ಯಪಡಬೇಡಿ, ಅದಕ್ಕೂ ನಮ್ಮ ಹುಡುಗನ ಮೊದಲ ನೋಟ ತಯಾರಿದೆ.

ಕಾಯುವವರ ಕಥೆ ಇನ್ನೂ ಚಂದ. ಆಸ್ಟ್ರೇಲಿಯಾದ ಮೂರು ಮತ್ತೊಂದು ಜನ ಮಾಡಿದ ಸಿಲ್ಕ್‌ಸಾಂಗ್ ಎಂಬ ಗೇಮ್ ಘೋಷಣೆಯಾದದ್ದು 2019ರ ಫೆಬ್ರವರಿಯಲ್ಲಿ. ಬಂದದ್ದು 2025ರ ಸೆಪ್ಟೆಂಬರ್ 4ಕ್ಕೆ. ನಡುವೆ ಯೂಟ್ಯೂಬಿನಲ್ಲಿ ದಿನಾ ಒಂದು ಸುದ್ದಿ ವಿಡಿಯೊ ಬರುತ್ತಿತ್ತು. ಸುದ್ದಿ ಏನೆಂದರೆ, ಇವತ್ತೂ ಸುದ್ದಿ ಇಲ್ಲ. ಅದನ್ನೂ ಜನ ನೋಡಿದರು. ಕೊನೆಗೆ ಗೇಮ್ ಬಂದ ದಿನ ನೂಕುನುಗ್ಗಲಿಗೆ ಸ್ಟೀಮ್ ಸೇರಿ ಆನ್‌ಲೈನ್ ಅಂಗಡಿಗಳೇ ಕುಸಿದವು. ದಿನ ಕಳೆಯುವುದರೊಳಗೆ ದೂರು ಶುರು: ಅಯ್ಯೋ, ಇದು ತುಂಬಾ ಕಷ್ಟ! ಆರೂವರೆ ವರ್ಷ ಕಾದವರು ಮೊದಲ ರಾಕ್ಷಸನ ಹತ್ತಿರವೇ ಸುಸ್ತು. ಮಾಡಿದವರು ಪಾಪ, ಆರಂಭದ ಕೆಲವು ರಾಕ್ಷಸರನ್ನು ಸ್ವಲ್ಪ ಮೆತ್ತಗೆ ಮಾಡಿಕೊಟ್ಟರು.

ಕಾಯುವ ವಿಷಯದಲ್ಲಿ ನಾವು ಕಾಸರಗೋಡಿನ ಕನ್ನಡಿಗರು ಯಾರಿಗೂ ಕಮ್ಮಿಯಿಲ್ಲ, ಅಲ್ವಾ? ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದು ಮಹಾಜನ ಆಯೋಗ ವರದಿ ಕೊಟ್ಟದ್ದು 1967ರಲ್ಲಿ. ನಮ್ಮ ವಿಶ್‌ಲಿಸ್ಟ್‌ನಲ್ಲಿ ಅದು ಇನ್ನೂ ಹಾಗೇ ಉಂಟು. ಟ್ರೇಲರ್ ಮಾತ್ರ ಪ್ರತಿ ಚುನಾವಣೆಗೂ ಹೊಸತು.

ಮೊನ್ನೆ ಹುಡುಗ ಪೇಟೆಯಲ್ಲಿ ಸಿಕ್ಕಿದ. ಚಹಾ ಕುಡಿಯುತ್ತಾ ಕೂತಿದ್ದಾಗ ಅವನ ಮೊಬೈಲಿಗೆ ಸ್ಟೀಮಿನಿಂದ ಇಮೇಲ್ ಬಂತು. ವಿಶ್‌ಲಿಸ್ಟ್‌ಗೆ ಹಾಕಿದ್ದ ಆ ಬೇಸಾಯದ ಗೇಮ್ ಬಿಡುಗಡೆಯಾಗಿದೆ, ಮೊದಲ ವಾರ ರಿಯಾಯಿತಿಯೂ ಇದೆ ಎಂದು. ಓದಿದ, ಹೆಬ್ಬೆರಳಲ್ಲಿ ಬದಿಗೆ ತಳ್ಳಿ ಅಳಿಸಿದ.

"ಎಂತ ಮಾರಾಯ, ತೆಗೆದುಕೊಳ್ಳುವುದಿಲ್ವಾ? ಕಾಯಲೇಬೇಕು ಅಂತ ನೀನೇ ಹೇಳಿದ್ದಲ್ವಾ?"

"ಹೌದಣ್ಣ, ಆದರೆ ಬಂದ ಮೇಲೆ ಅದರಲ್ಲಿ ಕಾಯಲಿಕ್ಕೆ ಎಂತ ಉಂಟು?"