ಬೆಲ್ಲವಲ್ಲ, ಬೆಲ್ಲೋಸ್

"ಬೆಲ್ಲ ತರಿಸೋಕೆ ಆನ್‌ಲೈನ್ ಯಾಕೋ, ಮೂಲೆ ಅಂಗಡೀಲಿ ಸಿಗಲ್ವಾ?" ಅಂದಳು ಅಮ್ಮ. ಬಂದಿದ್ದು ಬೆಲ್ಲೋಸ್. ಕುಲುಮೆಯ ತಿದಿಗೆ ದೂರದ ನೆಂಟ. ನೋಡಲು ಹಾರ್ಮೋನಿಯಂ ಹೊಟ್ಟೆಯ ಹಾಗೆ ಮಡಿಕೆ ಮಡಿಕೆ. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಸಿಕ್ಕಿಸಿ ಎಳೆದರೆ ಇರುವೆ ಆನೆಯಾಗುತ್ತದೆ.

ಹುಳಹುಪ್ಪಟೆಯನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಹೊಸ ಮ್ಯಾಕ್ರೋ ಲೆನ್ಸಿನ ಬೆಲೆ ಕೇಳಿ ಸುಮ್ಮನಾಗಿದ್ದವನು ನಾನು. ಹಾಗಾಗಿ ಸೆಕೆಂಡ್ ಹ್ಯಾಂಡ್ ಮಾಲು. ಮಾರಿದವನು "ಕಂಡೀಷನ್ ಸೂಪರ್" ಅಂದಿದ್ದ. ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಅದರ ಬಾಯಿಗೆ ಹಿಡಿದೆ. ಮಡಿಕೆಯ ಮೂಲೆಮೂಲೆಯಲ್ಲೂ ನಕ್ಷತ್ರ! ಕಾಸಿಗೆ ತಕ್ಕ ಕಜ್ಜಾಯ. ಕಡ್ಡಿಗೆ ಹತ್ತಿ ಸುತ್ತಿ, ಒಂದೊಂದೇ ತೂತಿಗೆ ಕಪ್ಪು ಫ್ಯಾಬ್ರಿಕ್ ಪೇಂಟ್ ಮುಟ್ಟಿಸುತ್ತಾ ಕೂತೆ. ಹನ್ನೆರಡರ ಹೊತ್ತಿಗೆ ಆಕಾಶ ಪೂರ್ತಿ ಕತ್ತಲಾಯಿತು.

ಲೆನ್ಸಿನ ವಿಷಯದಲ್ಲಿ ಮಾತ್ರ ಅದೃಷ್ಟ ನನ್ನ ಕಡೆಗಿತ್ತು. ಬಾಗಿಲು ಹಾಕಿದ ಸ್ಟುಡಿಯೋ ಒಂದರ ಡಾರ್ಕ್‌ರೂಮಿನಿಂದ 50 ಮಿ.ಮೀ.ನ ಎಲ್-ನಿಕ್ಕೋರ್ ಸಿಕ್ಕಿತು. ನೆಗೆಟಿವ್‌ನಿಂದ ಪ್ರಿಂಟ್ ಹಾಕುವ ಎನ್‌ಲಾರ್ಜರ್‌ನ ಲೆನ್ಸ್ ಅದು. ಹುಟ್ಟಿದ್ದೇ ಹತ್ತಿರದ್ದನ್ನು ನೋಡೋಕೆ. ಫೋಕಸ್ ರಿಂಗೇ ಇಲ್ಲ, ಆ ಕೆಲಸ ತಿದಿಯದ್ದು. ಆದರೆ ಇದರ ತಿರುಪಿನ ಅಗಲ 39 ಮಿ.ಮೀ., ಬೆಲ್ಲೋಸಿನದು 42. ನಡುವೆ ಒಂದು ಬಳೆ ಬೇಕು. ಆ ಬಳೆಗೆ ಕಾದಷ್ಟು ಯಾವ ಮದುವೆಗೂ ಕಾದಿಲ್ಲ.

ಲೆಕ್ಕ ಸುಲಭ. ದೂರದ್ದು ಸ್ಫುಟವಾಗಿ ಕಾಣುವ ಜಾಗದಿಂದ ಲೆನ್ಸನ್ನು ಇನ್ನೂ 50 ಮಿ.ಮೀ. ಮುಂದೆ ತಂದರೆ ಇರುವೆ ಸೆನ್ಸರ್ ಮೇಲೆ ಇದ್ದಷ್ಟೇ ಗಾತ್ರಕ್ಕೆ ಬೀಳುತ್ತದೆ. 100 ತಂದರೆ ಎರಡರಷ್ಟು. ಆಗ ಬೆಳಕು ಒಂಬತ್ತರಲ್ಲಿ ಒಂದು ಪಾಲಿಗಿಳಿಯುತ್ತದೆ, ಲೆನ್ಸಿನ ಕಿಂಡಿಯನ್ನು ಎಫ್/8 ಅಂತ ಇಟ್ಟದ್ದು ಇನ್ನೂ ಕಿರಿದಾದ ಎಫ್/24ರ ಹಾಗೆ ನಡೆದುಕೊಳ್ಳುತ್ತದೆ. ಸ್ಪಷ್ಟವಾಗಿ ಕಾಣುವ ಆಳ ಕಾಲು ಮಿಲಿಮೀಟರಿನಷ್ಟು. ಮೀಸೆ ಸಿಕ್ಕಿದರೆ ಕಣ್ಣಿಲ್ಲ, ಕಣ್ಣು ಸಿಕ್ಕಿದರೆ ಮೀಸೆಯಿಲ್ಲ. ಇನ್ನೊಂದು ತಮಾಷೆ, ಪೂರ್ತಿ ಮಡಿಚಿದರೂ ತಿದಿ ದಪ್ಪವೇ, ಲೆನ್ಸ್ ಮುಂದೆಯೇ ಉಳಿಯುತ್ತದೆ. ಹಾಗಾಗಿ ಗುಲಾಬಿ ಹೂ ತೆಗೆಯೋಣ ಅಂದರೆ ಒಂದು ಎಸಳಷ್ಟೇ ಹಿಡಿಸುತ್ತದೆ. ಹೂವೇ ಬೇಕೆನ್ನುವವರು ಸುಮ್ನೆ ಎಕ್ಸ್‌ಟೆನ್ಷನ್ ಟ್ಯೂಬ್, ಅಂದರೆ ಗಾಜಿಲ್ಲದ ಗಿಡ್ಡ ಕೊಳವೆ, ಕೊಳ್ಳುವುದು ವಾಸಿ. ಇಲ್ಲವೇ 80 ಮಿ.ಮೀ. ಎನ್‌ಲಾರ್ಜರ್ ಲೆನ್ಸ್ ಹುಡುಕಲಿ. ಚಿತ್ರ ಹಿಗ್ಗುವುದು ಕಮ್ಮಿ, ಹುಳಕ್ಕೂ ಲೆನ್ಸಿಗೂ ನಡುವೆ ಜಾಗ ಜಾಸ್ತಿ.

ಮೊನ್ನೆ ಊಟದ ಮೇಜಿನ ಮೇಲೆ ನಿಜವಾದ ಬೆಲ್ಲದ ಚೂರೊಂದನ್ನು ಇಟ್ಟೆ. ಇರುವೆ ಬಂತು. ಫ್ಲ್ಯಾಷ್ ಸಿದ್ಧ. ಉಸಿರು ಬಿಗಿಹಿಡಿದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೆ. ಕಣ್ಣಿನ ಹರಳುಹರಳು ಮೂಡುತ್ತಿದ್ದವು.

"ಏನ್ ಸೆಕೆನಪ್ಪಾ," ಅನ್ನುತ್ತಾ ಅಮ್ಮ ಫ್ಯಾನ್ ಹಾಕಿದಳು.