ಗ್ರಂಥಾಲಯಕ್ಕೆ ಹೊರಡುವ ಮುನ್ನ

ನಮ್ಮ ತೋಟದ ಅಂಚಿನಲ್ಲಿ ಅರ್ಧ ಹೂತು ನಿಂತಿರುವ ವೀರಗಲ್ಲೊಂದರ ಜಾಡು ಹಿಡಿದು ಬೆಂಗಳೂರಿನ ಕಬ್ಬನ್ ಉದ್ಯಾನದ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋಗಬೇಕೆಂದು ನಾನು ನಿಶ್ಚಯಿಸಿ ಒಂದು ವರ್ಷವೇ ಕಳೆಯಿತು. ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರನಿಗೆ ಬಿಡುವಿನ ತಿಂಗಳನ್ನು ಹುಡುಕುವುದೇ ಮೊದಲ ಸಂಶೋಧನೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸಬೇಕು. ಮಳೆ ನಿಂತರೆ ಅಡಿಕೆಗೊನೆಗಳ ಕೊಯ್ಲು. ಅದರ ಬೆನ್ನಿಗೇ ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಅಂತೂ ಫಾಲ್ಗುಣದಲ್ಲಿ ನಾಲ್ಕು ದಿನ ದೊರೆತವು. ಅವುಗಳಲ್ಲಿ ಒಂದು ಸೋಮವಾರ, ಗ್ರಂಥಾಲಯದ ವಾರದ ರಜೆ.

ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಸ್ಮಾರಕವಾಗಿ ಕಟ್ಟಿದ ಆ ಕೆಂಪು ಕಟ್ಟಡವನ್ನು ಹೊರಗಿನಿಂದಲೇ ನೋಡಿ ಬರುವವರು ಹೆಚ್ಚು. ನಾನೂ ಎರಡು ಬಾರಿ ಹಾಗೆಯೇ ಬಂದವನು. ಈ ಬಾರಿ ಒಳಗೆ ಹೋಗಿ ಏನನ್ನು ಕೇಳಬೇಕೆಂದು ನೆರೆಮನೆಯ ನಿವೃತ್ತ ಮೇಷ್ಟರ ಸಲಹೆ ಬಯಸಿ, "ನಮ್ಮೂರಿನ ಇತಿಹಾಸ" ಎಂದೆ. "ಇತಿಹಾಸ ಕೊಡಿ ಅಂದ ಕೂಡಲೇ ಅಳೆದು ಕೊಡಲಿಕ್ಕೆ ಅದೇನು ಸಾಂಬಾರ ಪುಡಿಯೇ ಮಾರಾಯ್ರೆ?" ಎಂದು ಅವರು ನಕ್ಕರು.

ಅಂದಿನಿಂದ ನನ್ನ ಪ್ರಶ್ನೆ ಬೇಯಿಸಿ ಒಣಗಿಸಿದ ಅಡಿಕೆಯಂತೆ ಕುಗ್ಗುತ್ತ ಬಂದು, ನಮ್ಮ ಕಲ್ಲಿನ ಶಾಸನ ಎಲ್ಲಾದರೂ ಅಚ್ಚಾಗಿದೆಯೇ ಎಂಬಷ್ಟಕ್ಕೆ ನಿಂತಿದೆ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 8ನೇ ಸಂಪುಟ 1904ರಲ್ಲಿ ಪ್ರಕಟವಾದದ್ದು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಹೊಸನಗರವೆಂಬ ಹೆಸರಿನ ಕೆಳಗೆ ಹುಡುಕಿದವನಿಗೆ ಬರಿಗೈಯೇ ಗತಿ, ನಮ್ಮ ಹಳ್ಳಿಗಳೆಲ್ಲ ಅಲ್ಲಿ ನಗರ ತಾಲ್ಲೂಕಿನವು. ಇಷ್ಟನ್ನು ನಾನು ಹೆಮ್ಮೆಯಿಂದ ವಿವರಿಸುತ್ತಿದ್ದಾಗ ಅಣ್ಣನ ಮಗ ಜಗಲಿಯಲ್ಲಿ ಕುಳಿತೇ ಆ ಸಂಪುಟವನ್ನು ಮೊಬೈಲಿನಲ್ಲಿ ತೆರೆದು ತೋರಿಸಿದ. ಬೆಂಗಳೂರಿನ ಪ್ರಯಾಣದ ಅರ್ಧ ಕಾರಣ ಅಲ್ಲಿಗೇ ಮುಗಿಯಿತು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ.

ಆದರೆ ನಮ್ಮ ಕಲ್ಲು ಅದರಲ್ಲಿ ಸಿಗಲಿಲ್ಲ. ರೈಸ್ ನಂತರ ಆರ್. ನರಸಿಂಹಾಚಾರ್ಯರೂ ಎಂ. ಎಚ್. ಕೃಷ್ಣ ಅವರೂ ಮುನ್ನಡೆಸಿದ ಮೈಸೂರು ಪುರಾತತ್ವ ಇಲಾಖೆಯು ಹೊಸದಾಗಿ ಕಂಡ ಶಾಸನಗಳನ್ನು ತನ್ನ ವಾರ್ಷಿಕ ವರದಿಗಳಲ್ಲಿ ಪ್ರಕಟಿಸುತ್ತಿತ್ತು. ವರ್ಷಕ್ಕೊಂದರಂತೆ ಬಂದ ಆ ವರದಿಗಳನ್ನು ಒಂದೊಂದಾಗಿ ಮಗುಚಬೇಕಾದ್ದರಿಂದ ಪ್ರಯಾಣಕ್ಕೆ ಮತ್ತೆ ಜೀವ ಬಂತು. ಬೇಕಾದ ವರ್ಷಗಳ ಪಟ್ಟಿ ಬರೆದು, ಅವು ಕಪಾಟಿನಲ್ಲಿವೆಯೇ, ಹೊರಗಿನವರಿಗೆ ಅಲ್ಲಿ ಕುಳಿತು ಓದಲು ಯಾವ ಗುರುತಿನ ಚೀಟಿ ಬೇಕು ಎಂದು ಗ್ರಂಥಪಾಲಕರಿಗೆ ಪತ್ರ ಹಾಕಿದ್ದೇನೆ. ಸಾಗರದಿಂದ ರಾತ್ರಿ ರೈಲಿಗೆ ಟಿಕೆಟ್ಟೂ ಆಗಿದೆ. ಚೀಲದಲ್ಲಿ ಎರಡು ಪೆನ್ಸಿಲ್, ಒಂದು ಭೂತಗನ್ನಡಿ, ಮತ್ತು ಬೆಂಗಳೂರಿನ ನೆಂಟರಿಗೆಂದು ಹೆಂಡತಿ ತುಂಬಿಸಿದ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ. ಸಂಶೋಧನೆಗಿಂತ ಅದರ ತೂಕವೇ ಹೆಚ್ಚು.

ನಿನ್ನೆ ಅವಳು ಭರಣಿಗೆ ಬಟ್ಟೆ ಕಟ್ಟುತ್ತ, "ಆ ಕಲ್ಲಿನ ಮೇಲೆ ಏನು ಬರೆದಿದೆ?" ಎಂದಳು. ಹಾವಸೆಯ ಅಡಿಯಲ್ಲಿ ಅಕ್ಷರವಿದೆಯೆಂದು ಅಜ್ಜ ಹೇಳಿದ್ದನ್ನು ಬಿಟ್ಟರೆ ನನ್ನ ಬಳಿ ಉತ್ತರವಿರಲಿಲ್ಲ. ಇಂದು ಬೆಳಿಗ್ಗೆ ಒಂದು ಕೊಡ ನೀರು, ಒಂದು ಮೆತ್ತನೆಯ ಬ್ರಷ್ಷು ಹಿಡಿದು ತೋಟಕ್ಕೆ ಇಳಿದೆ. ಮಧ್ಯಾಹ್ನದ ಹೊತ್ತಿಗೆ, ಎಷ್ಟೋ ಶಾಸನಗಳು ಆರಂಭವಾಗುವ ಪದ, 'ಸ್ವಸ್ತಿ' ಎಂಬಷ್ಟು ಕಂಡಿದೆ.